ದುಡಿಮೆಯ ಹೊತ್ತು ಯಾರದು?

‘ಕೆಲಸ’ ಎಂಬ ಒಂದು ಸಂಗತಿಗೆ ನಮ್ಮ ಭಾಷೆಯಲ್ಲಿರುವ ಹೆಸರುಗಳನ್ನು ಎಣಿಸಿ ನೋಡಿದರೆ ಆಶ್ಚರ್ಯವಾಗುತ್ತದೆ. ದುಡಿಮೆ, ಗೇಯ್ಮೆ, ಕಾಯಕ, ಊಳಿಗ, ಚಾಕರಿ, ಕೂಲಿ, ಬಿಟ್ಟಿ, ಜೀತ. ಇವೆಲ್ಲವೂ ಮೈ ಬಗ್ಗಿಸಿ ಮಾಡುವ ಶ್ರಮವನ್ನೇ ಹೇಳುತ್ತವೆ. ಆದರೂ ಒಂದರ ಬದಲಿಗೆ ಇನ್ನೊಂದನ್ನು ಇಡಲು ಬಾರದು. ತನ್ನ ಹೊಲವನ್ನು ತಾನೇ ಉಳುವವನು ಮಾಡುವುದು ಗೇಯ್ಮೆ. ಅದೇ ಮನುಷ್ಯ ಸಾಲಕ್ಕೆ ಸಿಕ್ಕಿ ಸಾಹುಕಾರನ ಹೊಲವನ್ನು ಉಳತೊಡಗಿದರೆ ಅದು ಜೀತ. ನೇಗಿಲು ಅದೇ, ತೋಳಿನ ಬಲವೂ ಅದೇ. ಹೆಸರು ಮಾತ್ರ ಬೇರೆ. ಹೆಸರು ಬೇರೆಯಾದದ್ದು ಹೊಲದ ಒಡೆಯ ಬದಲಾದುದರಿಂದಲೋ, ‘ಈ ಹೊತ್ತಿಗೆ ಏಳು, ಈ ಹೊತ್ತಿಗೆ ಕೂರು’ ಎಂದು ಹೇಳುವ ಬಾಯಿ ಬದಲಾದುದರಿಂದಲೋ?

ಮೇಲ್ನೋಟಕ್ಕೆ ಇದು ಬರಿಯ ಶಬ್ದಜಿಜ್ಞಾಸೆ. ಆದರೆ ಯೂರೋಪಿನಲ್ಲಿ ಕಾರ್ಖಾನೆಗಳು ಹುಟ್ಟಿದ ಮೇಲೆ ಇದೇ ಪ್ರಶ್ನೆ ಅಲ್ಲಿನ ಸಮಾಜವಾದಿಗಳನ್ನು ನೂರು ವರ್ಷಗಳಿಗೂ ಮಿಕ್ಕಿ ಕಾಡಿತು. 1789ರ ಫ್ರೆಂಚ್ ಸಭೆಯಲ್ಲಿ ಅಧ್ಯಕ್ಷನ ಎಡಗಡೆಗೆ ಕುಳಿತವರಿಂದ ‘ಎಡಪಂಥ’ ಎಂಬ ಹೆಸರು ಹುಟ್ಟಿತೆಂಬುದನ್ನು ಎಲ್ಲರೂ ಬಲ್ಲರು. ಬಂಡವಾಳಗಾರನಿಗೂ ಕೂಲಿಕಾರನಿಗೂ ನಡೆದ ಜಗಳದಲ್ಲಿ ಆ ಪಂಥದವರು ಕೂಲಿಕಾರನ ಕಡೆ ನಿಂತರೆಂಬುದೂ ತಿಳಿದ ಮಾತೇ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂದು ನಾವು ಹೇಳುತ್ತೇವೆ. ಗಿರಣಿಯಲ್ಲಿ ಕೆಸರಾಗುವ ಕೈ ಒಬ್ಬನದು, ಮೊಸರು ಉಣ್ಣುವ ಬಾಯಿ ಇನ್ನೊಬ್ಬನದು ಎಂಬುದೇ ಅವರ ಮುಖ್ಯ ಆಕ್ಷೇಪ. ಇಷ್ಟರಲ್ಲಿ ಅವರೆಲ್ಲರೂ ಒಂದೇ. ಆದರೆ ಮೊಸರನ್ನು ಸರಿಯಾಗಿ ಹಂಚಿದ ಮೇಲೂ ಕೈಗೆ ಹತ್ತಿದ ಕೆಸರಿನ ಪಾಡೇನು? ದುಡಿಯುವ ಎಂಟು ಹತ್ತು ಗಂಟೆಗಳ ಕಾಲ ಮನುಷ್ಯ ಮನುಷ್ಯನಾಗಿಯೇ ಉಳಿಯುವುದು ಹೇಗೆ? ಇಲ್ಲಿ ಬಂದಾಗ ಅವರವರಲ್ಲೇ ಭಿನ್ನಾಭಿಪ್ರಾಯ ತಲೆಯೆತ್ತಿತು. ಆ ಒಳವಾದದ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಕಾರ್ಖಾನೆಗಿಂತ ಮುಂಚೆ ಇಂಗ್ಲೆಂಡಿನ ನೇಕಾರನು ಮನೆಯಲ್ಲಿಯೇ ಮಗ್ಗವನ್ನಿಟ್ಟುಕೊಂಡು ನೇಯುತ್ತಿದ್ದನು. ಬಡತನವೇನೂ ಕಡಮೆಯಿರಲಿಲ್ಲ, ಆದರೆ ಹೊತ್ತು ಅವನದಾಗಿತ್ತು. ವಾರದ ಕೊನೆಯಲ್ಲಿ ರಾತ್ರಿಯೆಲ್ಲ ಕುಳಿತು ಕೆಲಸ ಮುಗಿಸಿ, ಸೋಮವಾರ ಮಗ್ಗವನ್ನು ಮುಟ್ಟದೆ ಇರುವುದು ಕಸಬುದಾರರಲ್ಲಿ ವಾಡಿಕೆಯಾಗಿತ್ತು. ಆ ದಿನಕ್ಕೆ ‘ಸಂತ ಸೋಮವಾರ’ವೆಂದು ಪರಿಹಾಸ್ಯದ ಹೆಸರನ್ನೂ ಇಟ್ಟಿದ್ದರು. ಆವಿಯ ಯಂತ್ರ ಬಂದಮೇಲೆ ಈ ಸಂತನಿಗೆ ಸ್ಥಳವಿಲ್ಲದೆ ಹೋಯಿತು. ಯಂತ್ರಕ್ಕೆ ಸೋಮವಾರವೂ ಒಂದೇ, ಶುಕ್ರವಾರವೂ ಒಂದೇ. ಗಿರಣಿಯ ಗಂಟೆ ಹೊಡೆದಾಗ ಬಾಗಿಲೊಳಗೆ ಇರಬೇಕು, ತಡವಾದರೆ ದಂಡ. ಮಕ್ಕಳ ದುಡಿಮೆಗೆ ಪಾರ್ಲಿಮೆಂಟು ಕಟ್ಟು ಹಾಕಿದ 1833ರ ಕಾಯಿದೆಯೂ ಕೂಡ ಒಂಬತ್ತರಿಂದ ಹದಿಮೂರು ವರ್ಷದೊಳಗಿನ ಮಕ್ಕಳನ್ನು ದಿನಕ್ಕೆ 9 ಗಂಟೆ ದುಡಿಸಲು ಅವಕಾಶವಿತ್ತಿತ್ತೆಂದರೆ, ಅದಕ್ಕೆ ಹಿಂದಿನ ಸ್ಥಿತಿಯನ್ನು ಓದುಗರೇ ಊಹಿಸಿಕೊಳ್ಳಬಹುದು.

ಈ ಕತ್ತಲಲ್ಲಿ ದೀಪ ಹಚ್ಚಿದವರಲ್ಲಿ ರಾಬರ್ಟ್ ಓವೆನ್ ಮೊದಲಿಗನು. 1800ರಲ್ಲಿ ಸ್ಕಾಟ್ಲೆಂಡಿನ ಕ್ಲೈಡ್ ನದಿಯ ದಂಡೆಯ ನ್ಯೂ ಲ್ಯಾನಾರ್ಕ್ ಗಿರಣಿಗಳ ಆಡಳಿತವನ್ನು ವಹಿಸಿಕೊಂಡ ಇವನು, ಹತ್ತು ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ. ದುಡಿಮೆಯ ವೇಳೆಯನ್ನು ಇಳಿಸಿದನು. 1816ರಲ್ಲಿ ಅವರಿಗಾಗಿ ವಿದ್ಯಾಶಾಲೆಯನ್ನು ತೆರೆದನು. ಅಷ್ಟಾದರೂ ಗಿರಣಿಗೆ ಲಾಭವೇ ಬಂದಿತು. ಎಂಟು ಗಂಟೆ ದುಡಿಮೆ, ಎಂಟು ಗಂಟೆ ವಿನೋದ, ಎಂಟು ಗಂಟೆ ವಿಶ್ರಾಂತಿ ಎಂಬ ಮಾತನ್ನು ಸಾಮಾನ್ಯವಾಗಿ ಇವನ ಹೆಸರಿಗೇ ಹಚ್ಚುತ್ತಾರೆ. ಆದರೆ ಇದೇ ಪುಣ್ಯಾತ್ಮನು ತನ್ನ ಗಿರಣಿಯಲ್ಲಿ ಮತ್ತೊಂದು ಏರ್ಪಾಟನ್ನೂ ಮಾಡಿದ್ದನು. ಒಬ್ಬೊಬ್ಬ ಕೆಲಸಗಾರನ ಬಳಿಯೂ ನಾಲ್ಕು ಮುಖದ ಒಂದು ಮರದ ತುಂಡು ತೂಗುತ್ತಿತ್ತು. ಕಪ್ಪು, ನೀಲಿ, ಹಳದಿ, ಬಿಳಿ, ಹೀಗೆ ಮುಖಕ್ಕೊಂದು ಬಣ್ಣ. ಹಿಂದಿನ ದಿನದ ನಡತೆ ಕೆಟ್ಟದಾಗಿದ್ದರೆ ಕಪ್ಪು ಮುಂದಕ್ಕೆ, ಉತ್ತಮವಾಗಿದ್ದರೆ ಬಿಳಿ ಮುಂದಕ್ಕೆ. ಅದನ್ನು ದಿನದಿನವೂ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ‘ಮೌನ ಮೇಲ್ವಿಚಾರಕ’ ಎಂದು ಅದರ ಹೆಸರು. ಹೊಡೆತ ಬಡಿತವಿಲ್ಲದೆ, ಬೈಗುಳವಿಲ್ಲದೆ ಶಿಸ್ತನ್ನು ತಂದನೆಂದು ಇದನ್ನು ಹೊಗಳಬಹುದು. ದಿನವಿಡೀ ತನ್ನ ತಲೆಯ ಪಕ್ಕದಲ್ಲಿ ತನ್ನ ನಡತೆಯ ಬಣ್ಣ ತೂಗುತ್ತಿರುವುದನ್ನು ಸಹಿಸಿಕೊಂಡು ದುಡಿಯುವವನ ಮನಸ್ಸು ಹೇಗಿದ್ದೀತೆಂದೂ ಕೇಳಬಹುದು. ಧಣಿ ಒಳ್ಳೆಯವನಾದರೆ ಸಾಕೇ ಎಂಬ ಪ್ರಶ್ನೆ ಈ ಮರದ ತುಂಡಿನಲ್ಲಿಯೇ ಅಡಗಿತ್ತು.

ಮುಂದಿನ ತಲೆಮಾರಿನ ಕಾರ್ಲ್ ಮಾರ್ಕ್ಸನು ‘ಸಾಕಾಗದು’ ಎಂದನು. 1867ರಲ್ಲಿ ಅಚ್ಚಾದ ‘ಬಂಡವಾಳ’ದ ಮೊದಲ ಸಂಪುಟದಲ್ಲಿ ದುಡಿಮೆಯ ದಿನವೆಂಬ ಒಂದು ದೀರ್ಘ ಅಧ್ಯಾಯವಿದೆ. ಕಾರ್ಖಾನೆಯ ಇನ್‌ಸ್ಪೆಕ್ಟರುಗಳು ಸರ್ಕಾರಕ್ಕೆ ಒಪ್ಪಿಸಿದ ವರದಿಗಳಿಂದಲೇ ಸಾಕ್ಷ್ಯ ತೆಗೆದು, ಊಟದ ವೇಳೆಯಲ್ಲಿ ಕದ್ದ ಐದು ನಿಮಿಷ, ಮುಚ್ಚುವ ವೇಳೆಯಲ್ಲಿ ಕದ್ದ ಹತ್ತು ನಿಮಿಷ ಲಾಭವಾಗಿ ಮಾರ್ಪಡುವ ಬಗೆಯನ್ನು ಅವನು ಅಲ್ಲಿ ತೋರಿಸುತ್ತಾನೆ. ಹೆಂಗಸರಿಗೂ ಎಳೆಯರಿಗೂ ದಿನಕ್ಕೆ ಹತ್ತು ಗಂಟೆಯ ಮಿತಿಯನ್ನಿಟ್ಟ 1847ರ ಇಂಗ್ಲಿಷ್ ಕಾಯಿದೆಯನ್ನು ಅವನು 1864ರಲ್ಲಿ ಒಂದು ತತ್ತ್ವದ ವಿಜಯವೆಂದೇ ಕೊಂಡಾಡಿದನು. ಆದರೆ ಮಾರ್ಕ್ಸನಲ್ಲಿಯೇ ಎರಡು ಎಳೆಗಳಿದ್ದುವು. ತರುಣನಾಗಿ 1844ರಲ್ಲಿ ಬರೆದಿಟ್ಟ ಹಸ್ತಪ್ರತಿಗಳಲ್ಲಿ, ಕೂಲಿಕಾರನು ತಾನು ಮಾಡಿದ ವಸ್ತುವಿಗೂ, ಮಾಡುವ ಕ್ರಿಯೆಗೂ, ಕೊನೆಗೆ ತನ್ನ ಮನುಷ್ಯತ್ವಕ್ಕೂ ಪರಕೀಯನಾಗುತ್ತಾನೆಂದು ಅವನು ಕೊರಗಿದ್ದನು. ಅಂದರೆ ದುಡಿಮೆಯೇ ಬದಲಾಗಬೇಕು. ಅವನು ತೀರಿಕೊಂಡ ಮೇಲೆ 1894ರಲ್ಲಿ ಹೊರಬಂದ ಮೂರನೆಯ ಸಂಪುಟದಲ್ಲಿ ಹೇಳಿದುದಾದರೋ ಬೇರೆ. ಹೊಟ್ಟೆಪಾಡಿನ ದುಡಿಮೆ ಎಲ್ಲಿ ಮುಗಿಯುವುದೋ ಅಲ್ಲಿಂದ ಸ್ವಾತಂತ್ರ್ಯದ ಸೀಮೆ ಮೊದಲಾಗುವುದು. ಆದುದರಿಂದ ದುಡಿಮೆಯ ದಿನವನ್ನು ಕಿರಿದು ಮಾಡುವುದೇ ಮೂಲ ಕೆಲಸ. 1844ರ ಹಸ್ತಪ್ರತಿಗಳು ಸಮಗ್ರವಾಗಿ ಬೆಳಕು ಕಂಡದ್ದು 1932ರಲ್ಲಿ. ಹೀಗಾಗಿ ಮುಂದೆ ಹೇಳುವ ವಾದಗಳನ್ನು ನಡೆಸಿದವರಲ್ಲಿ ಬಹುಮಂದಿ ಮೊದಲನೆಯ ಎಳೆಯನ್ನು ಕಾಣದೆಯೇ ವಾದಿಸಿದರು.

ಮಾರ್ಕ್ಸನ ಗೆಳೆಯ ಎಂಗೆಲ್ಸನಿಗೆ ಗಿರಣಿಯ ಅನುಭವವಿದ್ದಿತು. ಮ್ಯಾಂಚೆಸ್ಟರಿನಲ್ಲಿ ತನ್ನ ತಂದೆ ಪಾಲುದಾರನಾಗಿದ್ದ ಹತ್ತಿಯ ವ್ಯಾಪಾರದಲ್ಲಿ ಅವನು 1869ರವರೆಗೂ ದುಡಿದವನು. ಯಾರ ಅಧಿಕಾರವೂ ಯಾರ ಮೇಲೂ ಇರಕೂಡದೆನ್ನುತ್ತಿದ್ದ ಬಕೂನಿನ್ನನ ಅನುಯಾಯಿಗಳಿಗೆ ಉತ್ತರವಾಗಿ 1870ರ ದಶಕದ ಮೊದಲಲ್ಲಿ ಅವನು ಅಧಿಕಾರವನ್ನು ಕುರಿತು ಒಂದು ಚಿಕ್ಕ ಲೇಖನವನ್ನು ಬರೆದನು. ನೂಲಿನ ಗಿರಣಿಯನ್ನೇ ಅವನು ಉದಾಹರಣೆಯಾಗಿ ತೆಗೆದುಕೊಳ್ಳುತ್ತಾನೆ. ಧಣಿ ಹೋದರೂ ಆವಿಯ ಯಂತ್ರ ಹೋಗುವುದಿಲ್ಲ. ಅದು ಇಂಥ ಹೊತ್ತಿಗೆ ಹೊರಡುತ್ತದೆ, ಇಂಥ ಹೊತ್ತಿಗೆ ನಿಲ್ಲುತ್ತದೆ. ಎಲ್ಲರೂ ಆ ಹೊತ್ತಿಗೆ ಒಳಪಡಲೇಬೇಕು. ಸಣ್ಣ ಬಂಡವಾಳಗಾರನಿಗಿಂತ ಯಂತ್ರವೇ ಹೆಚ್ಚು ನಿರಂಕುಶವಾದ ದೊರೆ ಎಂಬುದು ಅವನ ಅಭಿಪ್ರಾಯ. ಸ್ವಾತಂತ್ರ್ಯದ ಆಸೆಯನ್ನು ಗಿರಣಿಯ ಬಾಗಿಲಲ್ಲಿಯೇ ಬಿಟ್ಟು ಒಳಗೆ ಹೋಗಬೇಕೆಂದು ಅದರ ತಾತ್ಪರ್ಯ. ನೇರವಾದ, ಕಹಿಯಾದ ಮಾತು ಇದು. ಬಂಡವಾಳಗಾರನ ವೈರಿಯೊಬ್ಬನೇ ಇದನ್ನು ಹೇಳಿದನೆಂಬುದರಿಂದ ಇದಕ್ಕೆ ಹೆಚ್ಚಿನ ತೂಕ ಬಂದಿತು.

ಗಿರಣಿಯೊಳಗೆ ಬಿಡುಗಡೆಯಿಲ್ಲವಾದರೆ ಗಿರಣಿಯಲ್ಲಿರುವ ಹೊತ್ತನ್ನೇ ಕಡಮೆ ಮಾಡಬೇಕಲ್ಲವೆ? ಹೀಗೆಂದವನು ಮಾರ್ಕ್ಸನ ಅಳಿಯ ಪಾಲ್ ಲಫಾರ್ಗ್. ಪ್ಯಾರಿಸ್ಸಿನ ಕೂಲಿಕಾರರು 1848ರ ಕ್ರಾಂತಿಯಲ್ಲಿ ‘ದುಡಿಯುವ ಹಕ್ಕು’ ಬೇಕೆಂದು ಕೂಗಿದ್ದರು. ಲಫಾರ್ಗನು 1880ರಲ್ಲಿ ‘ಸೋಮಾರಿತನದ ಹಕ್ಕು’ ಎಂಬ ಹೆಸರಿನಲ್ಲಿ ಒಂದು ವಿಡಂಬನೆಯನ್ನು ಬರೆದು, ಹಸಿದವನು ಅನ್ನದ ಹಕ್ಕನ್ನು ಕೇಳದೆ ಶ್ರಮದ ಹಕ್ಕನ್ನು ಕೇಳಿದುದೇ ದೊಡ್ಡ ಮರುಳೆಂದು ಛೀಮಾರಿ ಹಾಕಿದನು. ಮನುಷ್ಯನ ಹೊರೆಯನ್ನು ಇಳಿಸಲು ಬಂದ ಯಂತ್ರದ ಜೊತೆಗೆ ಮನುಷ್ಯ ಪಂದ್ಯ ಕಟ್ಟಿ ಓಡುತ್ತಿದ್ದಾನೆ; ದಿನಕ್ಕೆ ಮೂರು ಗಂಟೆ ದುಡಿದರೆ ಸಾಕು, ಉಳಿದುದು ಅವನ ಸುಖಕ್ಕೆ ಮೀಸಲಾಗಲಿ ಎಂದು ಅವನ ವಾದ. ಈ ಹೊತ್ತಗೆಗೆ ಟಿಪ್ಪಣಿಗಳನ್ನು ಸೇರಿಸಿ ಪುಸ್ತಕರೂಪಕ್ಕೆ ತಂದದ್ದು 1883ರಲ್ಲಿ, ಸೆರೆಮನೆಯಲ್ಲಿ! ಸೋಮಾರಿತನವನ್ನು ಹೊಗಳಿದವನು ಸೆರೆಯಲ್ಲಿಯೂ ಸುಮ್ಮನೆ ಕೂರಲಿಲ್ಲ.

ಅಟ್ಲಾಂಟಿಕ್ ಸಮುದ್ರದ ಆಚೆ, ಅಮೆರಿಕದ ಎಡ್ವರ್ಡ್ ಬೆಲಮಿ 1888ರಲ್ಲಿ ಒಂದು ಕಾದಂಬರಿಯನ್ನು ಪ್ರಕಟಿಸಿದನು. ಅದರ ನಾಯಕ ನಿದ್ರೆಯಿಂದ ಎದ್ದು ನೋಡುವಾಗ 2000ನೆಯ ಇಸವಿ. ಬಾಸ್ಟನ್ ನಗರದಲ್ಲಿ ಬಡವನಿಲ್ಲ, ಧಣಿಯಿಲ್ಲ. ಎಲ್ಲರೂ ರಾಷ್ಟ್ರದ ‘ಕೈಗಾರಿಕಾ ಸೇನೆ’ಯ ಸಿಪಾಯಿಗಳು. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಸೇರಿ ನಲವತ್ತೈದಕ್ಕೆ ನಿವೃತ್ತಿ. ಲಕ್ಷಾಂತರ ಮಂದಿ ಈ ಚಿತ್ರಕ್ಕೆ ಮಾರುಹೋದರು. ಆದರೆ ಇಂಗ್ಲೆಂಡಿನ ಕವಿ ವಿಲಿಯಂ ಮಾರಿಸನಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಮಾರಿಸನು ಬರಿಯ ಕವಿಯಲ್ಲ. ಬಣ್ಣ ಹಾಕುವುದು, ನೇಯುವುದು, ಅಚ್ಚು ಹಾಕುವುದು ಎಲ್ಲವನ್ನೂ ಕೈಯಾರೆ ಕಲಿತು, 1881ರಿಂದ ಮರ್ಟನ್ ಆ್ಯಬಿ ಎಂಬಲ್ಲಿ ಸ್ವಂತ ಕಾರ್ಯಾಗಾರವನ್ನು ನಡೆಸುತ್ತಿದ್ದ ಕುಶಲಿ. 1889ರಲ್ಲಿ ತನ್ನ ಪತ್ರಿಕೆಯಾದ ‘ಕಾಮನ್‌ವೀಲ್’ನಲ್ಲಿ ಬೆಲಮಿಯ ಪುಸ್ತಕವನ್ನು ವಿಮರ್ಶಿಸುತ್ತ ಅವನು ಆಡಿದ ಮಾತಿನ ಸಾರವಿಷ್ಟು: ಶ್ರಮವನ್ನು ಅತ್ಯಲ್ಪಕ್ಕೆ ಇಳಿಸುವುದಲ್ಲ ಗುರಿ, ಶ್ರಮದಲ್ಲಿರುವ ನೋವನ್ನು ಅತ್ಯಲ್ಪಕ್ಕೆ ಇಳಿಸುವುದು ಗುರಿ. ಮುಂದಿನ ವರ್ಷ ತನ್ನದೇ ಆದ ಒಂದು ಕನಸಿನ ಕಥೆಯನ್ನು ಅದೇ ಪತ್ರಿಕೆಯಲ್ಲಿ ಕಂತುಕಂತಾಗಿ ಬರೆದನು. ಅಲ್ಲಿ ಜನರು ದುಡಿಯುವುದು ಹುಲ್ಲು ಕೊಯ್ಯುವ ಹಬ್ಬದಂತೆ; ಕೆಲಸವೇ ಅವರ ವಿನೋದ.

ಇಲ್ಲಿಗೆ ಮೂರು ಪಕ್ಷಗಳಾದುವು. ಕೆಲಸವನ್ನು ಸೈನ್ಯದಂತೆ ಅಚ್ಚುಕಟ್ಟು ಮಾಡು, ಹೊರೆ ತಾನಾಗಿ ಇಳಿಯುತ್ತದೆ ಎಂದು ಬೆಲಮಿ. ಕೆಲಸದ ಹೊತ್ತನ್ನೇ ಕತ್ತರಿಸು ಎಂದು ಲಫಾರ್ಗ್. ಕೆಲಸದ ರೀತಿಯನ್ನೇ ಬದಲಾಯಿಸು ಎಂದು ಮಾರಿಸ್. ಮಾರಿಸನ ಕೈಕೆಲಸದ ಬಟ್ಟೆ ಸಿರಿವಂತರ ಮನೆಗೆ ಮಾತ್ರ ಎಟಕುತ್ತಿತ್ತೆಂದು ಟೀಕಿಸುವವರಿಗೂ ಆಧಾರವಿತ್ತು. ಕೋಟಿ ಜನಕ್ಕೆ ಬಟ್ಟೆ ಬೇಕಾದಾಗ ಎಂಗೆಲ್ಸನ ಯಂತ್ರವನ್ನು ಬಿಡುವಂತಿಲ್ಲ. ಬಿಡದಿದ್ದರೆ ಮಾರಿಸನ ಸುಖವಿಲ್ಲ. ವಾದ ಕಾಗದದ ಮೇಲಿದ್ದಷ್ಟು ದಿನ ಈ ಇಕ್ಕಟ್ಟಿನಿಂದ ಯಾರಿಗೂ ಹಾನಿಯಾಗಲಿಲ್ಲ.

ಅಷ್ಟರಲ್ಲಿ ಬಂಡವಾಳಗಾರರ ಪಕ್ಷದಿಂದ ಒಬ್ಬ ಹೊಸ ಶಾಸ್ತ್ರಕಾರ ಬಂದನು. ಅಮೆರಿಕದ ಉಕ್ಕಿನ ಕಾರ್ಖಾನೆಗಳಲ್ಲಿ ಎಂಜಿನಿಯರನಾಗಿದ್ದ ಫ್ರೆಡರಿಕ್ ಟೇಲರನು ಕೈಯಲ್ಲಿ ಗಡಿಯಾರ ಹಿಡಿದು ಕೂಲಿಕಾರನ ಒಂದೊಂದು ಚಲನೆಯನ್ನೂ ಅಳೆದನು. ಬೀಡುಕಬ್ಬಿಣದ ಗಟ್ಟಿಗಳನ್ನು ಹೊರುವವನು ದಿನಕ್ಕೆ ಹನ್ನೆರಡೂವರೆ ಟನ್ ಹೊರುತ್ತಿದ್ದವನು ತನ್ನ ವಿಧಾನದಿಂದ 47 ಟನ್ನಿಗೂ ಮೇಲೆ ಹೊತ್ತನೆಂದು 1911ರ ತನ್ನ ಗ್ರಂಥದಲ್ಲಿ ಹೇಳಿಕೊಂಡನು. ಹೊರೆ ಹೆಚ್ಚುಕಡಮೆ ನಾಲ್ಕರಷ್ಟಾಯಿತು; ಕೂಲಿ 1 ಡಾಲರ್ 15 ಸೆಂಟಿನಿಂದ 1 ಡಾಲರ್ 85 ಸೆಂಟಿಗೆ ಏರಿತು. ಯೋಚಿಸುವುದು ಕಚೇರಿಯ ಕೆಲಸ, ಹೇಳಿದಂತೆ ಮಾಡುವುದು ಕೂಲಿಕಾರನ ಕೆಲಸ ಎಂಬುದೇ ಈ ಶಾಸ್ತ್ರದ ತಿರುಳು. ಅದೇ ವರ್ಷ ಆಗಸ್ಟಿನಲ್ಲಿ ಅಮೆರಿಕದ ಸರ್ಕಾರದ ವಾಟರ್‌ಟೌನ್ ಆಯುಧ ಕಾರ್ಖಾನೆಯಲ್ಲಿ ಗಡಿಯಾರ ಹಿಡಿದವನನ್ನು ಕಂಡೊಡನೆ ಅಚ್ಚು ಹೊಯ್ಯುವವರು ಕೆಲಸ ಬಿಟ್ಟು ಹೊರಗೆ ನಡೆದರು.

ರಷ್ಯದ ಲೆನಿನ್ನನು 1914ರಲ್ಲಿ ಟೇಲರನ ಪದ್ಧತಿಯನ್ನು ಯಂತ್ರಕ್ಕೆ ಮನುಷ್ಯನನ್ನು ದಾಸನನ್ನಾಗಿಸುವ ಉಪಾಯವೆಂದು ಕರೆದನು. ನಾಲ್ಕು ವರ್ಷ ಕಳೆಯಿತು. 1917ರ ಕ್ರಾಂತಿಯಲ್ಲಿ ಅವನ ಪಕ್ಷವೇ ಅಧಿಕಾರಕ್ಕೆ ಬಂದು, ಕೆಲವೇ ದಿನಗಳಲ್ಲಿ ಎಂಟು ಗಂಟೆಯ ದುಡಿಮೆಯ ದಿನವನ್ನು ಘೋಷಿಸಿತು. 1918ರ ಏಪ್ರಿಲಿನಲ್ಲಿ ಅದೇ ಲೆನಿನ್ನನು ಟೇಲರನ ಪದ್ಧತಿಯನ್ನು ಅಭ್ಯಾಸ ಮಾಡಿ, ಕಲಿಸಿ, ನಮ್ಮದಕ್ಕೆ ಹೊಂದಿಸಿಕೊಳ್ಳಬೇಕೆಂದು ಬರೆದನು. ಅದರಲ್ಲಿ ಶೋಷಣೆಯ ನಯವಾದ ಕ್ರೌರ್ಯವೂ ಇದೆ, ಶ್ರೇಷ್ಠ ಶಾಸ್ತ್ರೀಯ ಸಾಧನೆಯೂ ಇದೆ. ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ತೆಗೆದುಕೊಳ್ಳೋಣ ಎಂದು ಅವನ ಮತ. ಇದನ್ನು ಬರಿಯ ಮಾತು ತಿರುಗಿಸುವಿಕೆಯೆಂದರೆ ಪೂರ್ತಿ ನ್ಯಾಯವಾಗದು. ಕೂಲಿಕಾರರ ಕೈಗೆ ಬಂದಾಗ ಇದೇ ಶಾಸ್ತ್ರ ದುಡಿಮೆಯ ವೇಳೆಯನ್ನು ಕಾಲುಭಾಗಕ್ಕೆ ಇಳಿಸಬಲ್ಲದೆಂದು 1914ರ ಲೇಖನದಲ್ಲಿಯೇ ಅವನು ಸೂಚಿಸಿದ್ದನು. ಎಂಟು ಗಂಟೆ ದುಡಿದ ಮೇಲೆ ಪ್ರತಿಯೊಬ್ಬನೂ ರಾಜ್ಯದ ಆಡಳಿತದಲ್ಲಿ ಸಂಬಳವಿಲ್ಲದೆ ಭಾಗವಹಿಸಬೇಕೆಂಬ ಆಸೆಯೂ ಅವನಿಗಿತ್ತು. ಯುದ್ಧದಿಂದ ದೇಶ ಬಳಲಿತ್ತು, ನಗರಗಳಲ್ಲಿ ಹಸಿವು, ಕಾರ್ಖಾನೆಗಳು ನಿಂತುಹೋಗುತ್ತಿದ್ದುವು.

ಆದರೂ ಅವನ ಪಕ್ಷದೊಳಗೇ ‘ಎಡ ಕಮ್ಯುನಿಸ್ಟ’ರೆನಿಸಿಕೊಂಡ ಕೆಲವರು ಎದ್ದುನಿಂತರು. ಅವರಲ್ಲೊಬ್ಬನಾದ ಒಸಿನ್ಸ್ಕಿಯ ವಾದ ಹೀಗಿತ್ತು: ಸಮಾಜವಾದವನ್ನು ಕೂಲಿಕಾರರು ತಾವೇ ಕಟ್ಟಬೇಕು, ಮೇಲಿನಿಂದ ಅಪ್ಪಣೆ ಕೊಟ್ಟು ಕಟ್ಟಿಸಿದರೆ ಅಲ್ಲಿ ಏಳುವ ಕಟ್ಟಡ ಸಮಾಜವಾದವಾಗಿರದೆ ಇನ್ನೇನೋ ಆಗಿರುತ್ತದೆ. ಕಾರ್ಖಾನೆಯಲ್ಲಿ ಒಬ್ಬನ ಅಪ್ಪಣೆಗೆ ತಲೆಬಾಗುವುದನ್ನು ಕಲಿತವನು ರಾಜ್ಯದಲ್ಲಿ ತಲೆಯೆತ್ತಿ ನಿಲ್ಲುವುದನ್ನು ಎಲ್ಲಿ ಕಲಿತಾನು ಎಂಬುದು ಆ ಆಕ್ಷೇಪದ ಒಳಗುಟ್ಟು. 1921ರಲ್ಲಿ ಅಲೆಕ್ಸಾಂಡ್ರ ಕೊಲೊಂಟಾಯ್ ಎಂಬಾಕೆ ‘ಕಾರ್ಮಿಕ ವಿರೋಧಪಕ್ಷ’ದ ಪರವಾಗಿ, ಕೈಗಾರಿಕೆಯ ಆಡಳಿತವನ್ನು ಕಾರ್ಮಿಕ ಸಂಘಗಳಿಗೇ ಒಪ್ಪಿಸಿರೆಂದು ವಾದಿಸಿದಳು. ಆ ವರ್ಷದ ಮಾರ್ಚಿಯಲ್ಲಿ ಕೂಡಿದ ಪಕ್ಷದ ಹತ್ತನೆಯ ಮಹಾಸಭೆ ಪಕ್ಷದೊಳಗೆ ಬಣಗಳನ್ನು ಕಟ್ಟುವುದನ್ನೇ ನಿಷೇಧಿಸಿತು. ವಾದದ ಬಾಗಿಲು ಅರ್ಧ ಮುಚ್ಚಿದಂತಾಯಿತು.

ಉಳಿದ ಅರ್ಧ ಬಾಗಿಲಲ್ಲಿ ಇಬ್ಬರು ಕಾಣಿಸಿಕೊಳ್ಳುತ್ತಾರೆ. ಲೋಹದ ಕೆಲಸಗಾರನೂ ಕವಿಯೂ ಆಗಿದ್ದ ಗಾಸ್ಟೆವ್ 1920ರಲ್ಲಿ ಮಾಸ್ಕೋವಿನಲ್ಲಿ ಕೇಂದ್ರ ಶ್ರಮ ಸಂಸ್ಥೆಯನ್ನು ಸ್ಥಾಪಿಸಿ, ಉಳಿಯ ಮೇಲೆ ಸುತ್ತಿಗೆ ಬೀಳುವ ಏಟಿನಿಂದ ತನ್ನ ಅಧ್ಯಯನವನ್ನು ಆರಂಭಿಸಿದನು. ಮನುಷ್ಯನ ದೇಹವೂ ಸರಿಮಾಡಬಹುದಾದ ಯಂತ್ರವೇ ಎಂಬುದು ಅವನ ಶ್ರದ್ಧೆ. ಕೆರ್ಜೆಂತ್ಸೆವ್ ಎಂಬವನು 1923ರಲ್ಲಿ ‘ಕಾಲ ಸಂಘ’ವನ್ನು ಕಟ್ಟಿದನು. ಅದರ ಸದಸ್ಯರು ತಮ್ಮ ದಿನದ ಹೊತ್ತು ಎಲ್ಲೆಲ್ಲಿ ಸೋರಿಹೋಯಿತೆಂದು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದರು. ತಡವಾಗಿ ಶುರುವಾಗುವ ಸಭೆಗಳನ್ನೂ ಮುಗಿಯದ ಭಾಷಣಗಳನ್ನೂ ಎದುರಿಸುತ್ತಿದ್ದರು. ಹೊತ್ತನ್ನು ಅಳೆಯುವವನು ಕೆಲಸಗಾರನೇ ಆಗಿರಬೇಕು, ಪ್ರಯೋಗಶಾಲೆಯ ಪಂಡಿತನಲ್ಲ ಎಂಬುದು ಇವನ ಪಕ್ಷ. 1924ರಲ್ಲಿ ಸೇರಿದ ಸಮ್ಮೇಳನದಲ್ಲಿ ಈ ಎರಡು ಪಕ್ಷಗಳೂ ಎದುರುಬದುರಾದುವು. ಕೆಲವೇ ವರ್ಷಗಳಲ್ಲಿ ಕಾಲ ಸಂಘ ಕರಗಿಹೋಯಿತು. ಗೆದ್ದಂತೆ ಕಂಡ ಗಾಸ್ಟೆವನನ್ನು ಸ್ಟಾಲಿನ್ನನ ಸರ್ಕಾರ 1938ರಲ್ಲಿ ಬಂಧಿಸಿ ಮುಂದಿನ ವರ್ಷ ಕೊಂದಿತು. 1940ರ ಜೂನ್ 26ರ ಆಜ್ಞೆಯಂತೆ ಅನುಮತಿಯಿಲ್ಲದೆ ಕೆಲಸ ಬಿಡುವುದು ಅಪರಾಧವಾಯಿತು. ದುಡಿಮೆಯ ದಿನ ಏಳು ಗಂಟೆಯಿಂದ ಮರಳಿ ಎಂಟಕ್ಕೆ ಏರಿತು. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ತಡವಾದವನು ನ್ಯಾಯಾಲಯಕ್ಕೆ ಹೋಗಿ ಸಂಬಳದ ಕಾಲುಭಾಗದವರೆಗೂ ಕಳೆದುಕೊಳ್ಳಬೇಕಾಯಿತು. ಈ ಆಜ್ಞೆ ರದ್ದಾದದ್ದು 1956ರಲ್ಲಿ. ಮ್ಯಾಂಚೆಸ್ಟರಿನ ಧಣಿ ದಂಡ ಮಾತ್ರ ಹಾಕುತ್ತಿದ್ದನು. ಧಣಿಯಿಲ್ಲದ ನಾಡಿನಲ್ಲಿ ತಡವಾಗಿ ಬಂದವನು ರಾಜ್ಯದ್ದೇ ಅಪರಾಧಿಯಾದನು. ಒಡೆಯ ಬದಲಾದರೆ ಹೆಸರು ತಾನಾಗಿ ಬದಲಾಗುವುದೆಂದು ನಂಬಿದ್ದವರಿಗೆ ಇತಿಹಾಸ ಕೊಟ್ಟ ಉತ್ತರವಿದು.

ಆ ಉತ್ತರವನ್ನು ಮೈಯಿಂದಲೇ ಅರಿಯಲು ಹೊರಟವಳು ಫ್ರಾನ್ಸಿನ ಒಬ್ಬ ಉಪಾಧ್ಯಾಯಿನಿ. ಹೆಣ್ಣುಮಕ್ಕಳ ಶಾಲೆಗಳಲ್ಲಿ ತತ್ತ್ವಶಾಸ್ತ್ರವನ್ನು ಹೇಳುತ್ತಿದ್ದ ಸಿಮೋನ್ ವೇಯ್, ರಜೆ ಪಡೆದು 1934ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನ ವಿದ್ಯುದ್ಯಂತ್ರಗಳ ಕಾರ್ಖಾನೆಯೊಂದಕ್ಕೆ ಕೂಲಿಯಾಗಿ ಸೇರಿದಳು. ಮುಂದಿನ ಬೇಸಗೆಯಲ್ಲಿ ಮೋಟಾರು ಕಾರ್ಖಾನೆಯಲ್ಲಿ ದುಡಿದಳು. ಕೂಲಿಕಾರರ ಹೆಸರಿನಲ್ಲಿ ಕ್ರಾಂತಿ ಮಾಡಿದ ನಾಯಕರಲ್ಲಿ ಯಾರೂ ಬಹುಶಃ ಕಾರ್ಖಾನೆಯೊಳಗೆ ಕಾಲಿಟ್ಟವರಲ್ಲವೆಂಬುದು ಅವಳ ನಿಷ್ಠುರವಾದ ಮಾತು. ಎಣಿಕೆಗೆ ಇಷ್ಟೆಂದು ಕೂಲಿ ಕೊಡುವ ಆ ಕೆಲಸದಲ್ಲಿ ವೇಗಕ್ಕೆ ಸೋತು, ತನ್ನಲ್ಲಿ ಸಿಟ್ಟು ಹುಟ್ಟೀತೆಂದು ಕಾದಿದ್ದವಳಿಗೆ ಹುಟ್ಟಿದುದು ವಿಧೇಯತೆ. ಒಂದು ದಿನ ಬಸ್ಸನ್ನು ಹತ್ತುವಾಗ, ಇತರರಂತೆ ಇಲ್ಲಿ ಕೂರಲು ತನಗೂ ಹಕ್ಕಿದೆಯೆ ಎಂದು ತನಗೇ ಬೆರಗಾಯಿತೆಂದು ಅವಳು ಬರೆದಿಟ್ಟಿದ್ದಾಳೆ. ಓದಿದವಳು, ಸಂಬಳದ ಉದ್ಯೋಗವಿದ್ದವಳು, ಬೇಕೆಂದಾಗ ಬಿಟ್ಟುಬರಬಲ್ಲವಳು. ಅವಳಿಗೇ ಹೀಗಾದರೆ ಬಿಡಲಾರದವರ ಪಾಡೇನು?

1936ರ ಜೂನಿನಲ್ಲಿ ಫ್ರಾನ್ಸಿನ ಕಾರ್ಖಾನೆಗಳಲ್ಲಿ ಮುಷ್ಕರ ಹಬ್ಬಿತು. ಕೆಲಸಗಾರರು ಹೊರಗೆ ಬಾರದೆ ಕಾರ್ಖಾನೆಯೊಳಗೇ ಕುಳಿತುಬಿಟ್ಟರು. ವಾರಕ್ಕೆ ನಲವತ್ತು ಗಂಟೆಯ ದುಡಿಮೆ, ವರ್ಷಕ್ಕೆ ಎರಡು ವಾರ ಸಂಬಳಸಹಿತ ರಜೆ ಅವರಿಗೆ ದೊರೆತುವು. ವೇಯ್‌ಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಇನ್ನೊಂದು. ನಿಂತ ಯಂತ್ರಗಳ ನಡುವೆ ಹಾಡು, ನಗೆ, ಮಾತು. ತಲೆ ತಗ್ಗಿಸಿ ನಡೆಯುತ್ತಿದ್ದ ಮೇಲ್ವಿಚಾರಕನ ಮುಂದೆಯೇ ತಲೆಯೆತ್ತಿ ನಡೆಯುವ ಸಂತೋಷ. ದಿನಗಟ್ಟಲೆ ತಾವು ಸೆರೆಯಿದ್ದ ಸ್ಥಳ ಒಂದೆರಡು ದಿನ ತಮ್ಮದೇ ಮನೆಯಂತಾದ ಆ ಸಂತೋಷವನ್ನು ಅವಳು ಬೇಡಿಕೆಗಳ ಪಟ್ಟಿಗಿಂತ ಮುಂದಿಟ್ಟಳು.

ಈ ವಾದವೆಲ್ಲ ದೂರದೇಶದ್ದೆಂದು ನಾವು ಸುಮ್ಮನಿರುವಂತಿಲ್ಲ. 1919ರಲ್ಲಿ ವಾಷಿಂಗ್‌ಟನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನ ಜಗತ್ತಿಗೆ ವಾರಕ್ಕೆ 48 ಗಂಟೆಯೆಂದು ಗೊತ್ತುಮಾಡಿ, ಭಾರತಕ್ಕೆ ಮಾತ್ರ 60 ಗಂಟೆಯೆಂದು ಬರೆಯಿತು. 48 ಗಂಟೆ ನಮ್ಮ ಕಾನೂನಾಗಲು 1946ರವರೆಗೆ ಕಾಯಬೇಕಾಯಿತು. 1948ರ ಕಾರ್ಖಾನೆ ಕಾಯಿದೆ ದಿನಕ್ಕೆ 9 ಗಂಟೆಯ ಎಲ್ಲೆಯನ್ನು ಹಾಕಿತು. 2023ರಲ್ಲಿ ಕರ್ನಾಟಕದ ವಿಧಾನಮಂಡಲ ಅದೇ ಕಾಯಿದೆಗೆ ತಿದ್ದುಪಡಿ ತಂದು, ವಾರದ 48 ಗಂಟೆಯ ಮಿತಿಯೊಳಗೆ, ದಿನಕ್ಕೆ 12 ಗಂಟೆಯವರೆಗೂ ದುಡಿಸಲು ಅವಕಾಶ ಮಾಡಿತು. ವಾರದ ಮೊತ್ತ ಒಂದೇ ಆದಮೇಲೆ ವ್ಯತ್ಯಾಸವೇನು ಎಂದು ಕೆಲವರು, ಮನೆಗೆ ಹೋಗಿ ಮಕ್ಕಳ ಮುಖ ನೋಡುವ ಹೊತ್ತಿನ ಲೆಕ್ಕವನ್ನು ಯಾರು ಹಿಡಿಯುವರು ಎಂದು ಕೆಲವರು ಕೇಳಿದರು. ಇವೆರಡೂ ಹಳೆಯ ವಾದದ ಮಾತುಗಳೇ.

ಗಂಟೆಗಳನ್ನು ಎಣಿಸುವುದು ಸುಲಭ, ಅದು ಬೇಕಾದದ್ದೂ ಹೌದು; ಹತ್ತು ಗಂಟೆಯ ಕಾಯಿದೆ, ಎಂಟು ಗಂಟೆಯ ಕಾಯಿದೆ, ಇವೆಲ್ಲವೂ ಹೋರಾಡಿ ಪಡೆದವು. ಆದರೆ ಓವೆನ್ನನ ಮರದ ತುಂಡು, ಟೇಲರನ ಗಡಿಯಾರ, ಸ್ಟಾಲಿನ್ನನ ಆಜ್ಞೆ ಇವು ಮೂರೂ ಬೇರೆಬೇರೆ ಒಡೆಯರ ಕೈಯಲ್ಲಿದ್ದರೂ ದುಡಿಯುವವನಿಗೆ ಕಂಡದ್ದು ಒಂದೇ ಮುಖ. ಕೆಲಸದ ಹೊತ್ತನ್ನು ಗೊತ್ತುಮಾಡುವಾಗ ಅದನ್ನು ಮಾಡುವವನ ಬಾಯಿಗೂ ಒಂದು ಮಾತಿದೆಯೆ ಎಂಬುದರ ಮೇಲೆ ಅದು ಗೇಯ್ಮೆಯೋ ಜೀತವೋ ಎಂಬುದು ನಿಂತಿದೆ. ಈ ಎರಡು ಪದಗಳನ್ನು ಬೇರೆಬೇರೆಯಾಗಿ ಉಳಿಸಿಕೊಂಡು ಬಂದ ನಮ್ಮ ಹಳ್ಳಿಯ ಜನ, ಯಾವ ಗ್ರಂಥವನ್ನೂ ಓದದೆಯೇ ಇಷ್ಟನ್ನು ಬಲ್ಲವರಾಗಿದ್ದರು.